ಪಾರದರ್ಶಕ ಮೆದುಳು ಎಲೆಕ್ಟ್ರೋಡ್: ಬೇರೆ ಲ್ಯಾಬ್‌ಗಳಿಗೆ ಮಾಡಿ ಕಳಿಸುವುದಾ, ಮಾಡುವುದನ್ನು ಹೇಳಿಕೊಡುವುದಾ?

ಕಲ್ಪತರು_ಹುಡುಗ

ನಮಸ್ಕಾರ ಎಲ್ಲರಿಗೂ. ನಾನು ತುಮಕೂರು ಕಡೆಯವನು, ಈಗ ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ಇಲಿಯ ಮೆದುಳಿನ ಮೇಲೆ ಹಾಸುವ ಎಲೆಕ್ಟ್ರೋಡ್ ಹಾಳೆ ಮಾಡುವುದು ನನ್ನ ಕೆಲಸ. ಈ ವಿಷಯ ಗೊತ್ತಿರುವ ಕೆಲವರು ಇಲ್ಲಿದ್ದೀರಿ ಅಂತ ಹಳೇ ಚರ್ಚೆಗಳಲ್ಲಿ ನೋಡಿದ್ದೆ, ಅದಕ್ಕೇ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೆದುಳಿನ ಕೋಶಗಳು ಏನು ಮಾಡುತ್ತಿವೆ ಅಂತ ತಿಳಿಯಲು ಎರಡು ದೊಡ್ಡ ದಾರಿಗಳಿವೆ. ಒಂದು, ಎಲೆಕ್ಟ್ರೋಡ್ ಇಟ್ಟು ವಿದ್ಯುತ್ತಿನ ಏರಿಳಿತ ಅಳೆಯುವುದು. ಇದು ಬಹಳ ಚುರುಕು, ಮಿಲಿಸೆಕೆಂಡಿನ ಲೆಕ್ಕದಲ್ಲಿ ಸಿಗುತ್ತದೆ, ಆದರೆ ಮೇಲಿನಿಂದ ಅಳೆದಾಗ ಯಾವ ಕೋಶದಿಂದ ಬಂತು ಅಂತ ಹೇಳುವುದು ಕಷ್ಟ. ಇನ್ನೊಂದು, ಕೋಶಗಳೊಳಗೆ ಹೊಳೆಯುವ ಪ್ರೋಟೀನ್ ಬರುವ ಹಾಗೆ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಇಲ್ಲಿ ಒಂದೊಂದು ಕೋಶವೂ ಬೇರೆ ಬೇರೆ ಕಾಣುತ್ತದೆ, ಆದರೆ ನಿಧಾನ. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಮಾಡೋಣ ಅಂದರೆ ಮೇಲಿಟ್ಟ ಲೋಹವೇ ಕಣ್ಣಿಗೆ ಅಡ್ಡ. ಹಾಗಾಗಿ ಬೆಳಕು ಹಾಯುವ ಎಲೆಕ್ಟ್ರೋಡ್ ಬೇಕು.

2014ರಲ್ಲಿ ಎರಡು ತಂಡಗಳು ಒಂದೇ ಪತ್ರಿಕೆಯಲ್ಲಿ, ಹೆಚ್ಚು ಕಡಿಮೆ ಒಂದೇ ಹೊತ್ತಿಗೆ, ಗ್ರಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ) ಬಳಸಿ ಇದನ್ನು ಮಾಡಿ ತೋರಿಸಿದವು. ಒಂದು ವಿಸ್ಕಾನ್ಸಿನ್-ಮ್ಯಾಡಿಸನ್ ವಿವಿಯ ಜಸ್ಟಿನ್ ವಿಲಿಯಮ್ಸ್ ಮತ್ತು ಜೆಂಚಿಯಾಂಗ್ ಮಾ ಅವರದ್ದು, ಇನ್ನೊಂದು ಪೆನ್ಸಿಲ್ವೇನಿಯಾ ವಿವಿಯಲ್ಲಿದ್ದ ಡುಯ್ಗು ಕುಜುಮ್ ಮತ್ತು ಬ್ರಯನ್ ಲಿಟ್ ಅವರದ್ದು. ಗ್ರಾಫೀನಿನ ಒಂದು ಪದರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೀರುವುದು ಶೇ 2.3ರಷ್ಟು ಮಾತ್ರ. ವಿಸ್ಕಾನ್ಸಿನ್‌ನವರು ನಾಲ್ಕು ಪದರ ಪೇರಿಸಿದರೂ ಶೇ 90ರಷ್ಟು ಬೆಳಕು ಆಚೆಗೆ ಹೋಗುತ್ತಿತ್ತು.

ನಾವು ಮಾಡುವುದೂ ಅದೇ ಜಾತಿಯದ್ದು. ಪ್ಯಾರಿಲೀನ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗ್ರಾಫೀನ್. ಬೆರಳ ತುದಿಯಲ್ಲಿ ಇಟ್ಟುಕೊಂಡರೆ ಬೆರಳಿನ ಗೆರೆಗಳೆಲ್ಲ ಅದರ ಮೂಲಕ ಕಾಣುತ್ತವೆ. ಬೆರಳು ಒದ್ದೆ ಇದ್ದರೆ ಚರ್ಮಕ್ಕೇ ಅಂಟಿಕೊಳ್ಳುತ್ತದೆ.

ಈಗ ಸಮಸ್ಯೆಗೆ ಬರುತ್ತೇನೆ. ಎರಡು ತಿಂಗಳ ಹಿಂದೆ ಒಂದು ಸಮ್ಮೇಳನದಲ್ಲಿ ಪೋಸ್ಟರ್ ಹಾಕಿದ್ದೆ. ಆಮೇಲೆ ಮೇಲ್ ಬರಲು ಶುರುವಾಯಿತು. ಒಂದು ಬೆಂಗಳೂರಿನ ಲ್ಯಾಬಿನಿಂದ, ಒಂದು ಯೂರೋಪಿನಿಂದ, ಒಂದು ಇಲ್ಲೇ ಪಕ್ಕದ ರಾಜ್ಯದಿಂದ. ಎಲ್ಲರೂ ಕೇಳುವುದು ಒಂದೇ, ನಾಲ್ಕೈದು ಕಳಿಸಿಕೊಡಿ ಅಂತ. ನನಗೆ ಒಂದು ಬ್ಯಾಚ್ ಮುಗಿಸಲು ಎರಡು ವಾರ ಹಿಡಿಯುತ್ತದೆ. ಒಂದು ವೇಫರ್ (ಆಧಾರಕ್ಕೆ ಇಡುವ ಸಿಲಿಕಾನ್ ಬಿಲ್ಲೆ) ಮೇಲೆ ಹನ್ನೆರಡು ಹಾಳೆ ಬರುತ್ತವೆ, ಅದರಲ್ಲಿ ಏಳು ಸರಿ ಬಂದರೆ ಆವತ್ತು ಹಬ್ಬ. ಮೂವರಿಗೂ ಕೊಟ್ಟರೆ ನನ್ನ ಪ್ರಯೋಗಕ್ಕೆ ಏನೂ ಉಳಿಯುವುದಿಲ್ಲ. ಹೇಗೆ ಮಾಡುವುದು ಅಂತ ಬರೆದು ಕಳಿಸೋಣ ಅಂದರೆ, ಬರೆದದ್ದನ್ನು ಓದಿ ಅವರಿಂದ ಆಗುತ್ತದಾ ಅನ್ನುವ ಅನುಮಾನ. ನಮ್ಮ ಪ್ರೊಫೆಸರ್ "ನೀನೇ ತೀರ್ಮಾನ ಮಾಡು, ನಿನ್ನ ಕೆಲಸ ನಿಲ್ಲಬಾರದು ಅಷ್ಟೇ" ಅಂದರು.

ಇಲ್ಲ ಅನ್ನಲು ನನಗೆ ಮನಸ್ಸಿಲ್ಲ. ಬೆಂಗಳೂರಿನವರಿಗಂತೂ ಖಂಡಿತ ಇಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

---

ಕ್ಲೀನ್‌ರೂಮ್_ಅಕ್ಕ

ತಮ್ಮಾ, ನೀವು ಹೇಳಿದ ವಿಸ್ಕಾನ್ಸಿನ್‌ನವರಿಗೂ ಇದೇ ಆಗಿತ್ತು. 2014ರಲ್ಲಿ ಪ್ರಬಂಧ ಬಂದ ಮೇಲೆ ನಮಗೂ ಕೊಡಿ ನಮಗೂ ಕೊಡಿ ಅಂತ ಕೇಳುವವರು ಜಾಸ್ತಿಯಾಗಿ, ಅಷ್ಟು ಜನಕ್ಕೆ ಮಾಡಿಕೊಡಲು ಅವರಿಂದ ಆಗಲಿಲ್ಲ. ಕೊನೆಗೆ 2016ರಲ್ಲಿ ನೇಚರ್ ಪ್ರೋಟೋಕಾಲ್ಸ್‌ನಲ್ಲಿ ಇಡೀ ವಿಧಾನವನ್ನು ಹಂತ ಹಂತವಾಗಿ ಬರೆದು ಹಾಕಿದರು. ಹಾಳೆ ಮಾಡುವುದು ಮಾತ್ರ ಅಲ್ಲ, ಪ್ರಾಣಿಗೆ ಹೇಗೆ ಇಡಬೇಕು, ಇಟ್ಟ ಮೇಲೆ ಹೇಗೆ ಚಿತ್ರ ತೆಗೆಯಬೇಕು, ಬೆಳಕಿನಿಂದ ಕೋಶಗಳನ್ನು ಹೇಗೆ ಎಬ್ಬಿಸಬೇಕು ಎಲ್ಲವೂ ಅದರಲ್ಲಿದೆ. ಸ್ಪರ್ಧೆ ಇಷ್ಟಿರುವ ಕ್ಷೇತ್ರದಲ್ಲಿ ಹಾಗೆ ಬಿಚ್ಚಿ ಬರೆಯುವುದು ದೊಡ್ಡ ಮನಸ್ಸು ಅಂತ ನಾನು ಈಗಲೂ ಅಂದುಕೊಳ್ಳುತ್ತೇನೆ.

ಅದನ್ನೇ ಎದುರಿಗೆ ಇಟ್ಟುಕೊಂಡು ಬೆಂಗಳೂರಿನಲ್ಲಿ ಮಾಡಲು ಹೋದವಳು ನಾನು. ನಮ್ಮ ಕಾಲೇಜಿನಲ್ಲಿ ಕ್ಲೀನ್‌ರೂಮ್, ಅಂದರೆ ಇಂಥ ಕೆಲಸಕ್ಕೆ ಬೇಕಾದ ಧೂಳಿಲ್ಲದ ಕೋಣೆ, ಇರಲಿಲ್ಲ. ಆದರೆ ಐಐಎಸ್‌ಸಿಯ ನ್ಯಾನೋ ಸೆಂಟರ್‌ನಲ್ಲಿ ಹೊರಗಿನ ಸಂಶೋಧಕರೂ ಬಂದು ಕೆಲಸ ಮಾಡಲು ಕೇಂದ್ರ ಸರ್ಕಾರದ ಒಂದು ಯೋಜನೆ ಇದೆ, ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಅಂತ. ಅರ್ಜಿ ಹಾಕಿ, ತರಬೇತಿ ತೆಗೆದುಕೊಂಡು, ಸ್ಲಾಟ್ ಬುಕ್ ಮಾಡಿಕೊಂಡು ಮಾಡುವುದು. ನಿಮಗೆ ಮೇಲ್ ಮಾಡಿದ ಬೆಂಗಳೂರಿನವರಿಗೆ ಇದು ಗೊತ್ತಾ ಅಂತ ಮೊದಲು ಕೇಳಿ.

ನನಗೆ ಎಲ್ಲಿ ಕಷ್ಟವಾಯಿತು ಅಂತ ಹೇಳುತ್ತೇನೆ, ಅದು ನಿಮಗೆ ಉಪಯೋಗಕ್ಕೆ ಬರಬಹುದು. ಗ್ರಾಫೀನ್ ಬೆಳೆಯುವುದು ತಾಮ್ರದ ಹಾಳೆಯ ಮೇಲೆ. ಅದರ ಮೇಲೆ ಆಸರೆಗೆ ಅಂತ ಒಂದು ತೆಳು ಪಾಲಿಮರ್ ಬಳಿದು, ಕೆಳಗಿನ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸಬೇಕು. ತಾಮ್ರ ಪೂರ್ತಿ ಹೋದ ಮೇಲೆ ದ್ರಾವಣದ ಮೇಲೆ ಒಂದು ಪೊರೆ ತೇಲುತ್ತಿರುತ್ತದೆ. ದೀಪವನ್ನು ಓರೆಯಾಗಿ ಹಿಡಿದರೆ ಮಾತ್ರ ಅದರ ಅಂಚು ಕಾಣುತ್ತದೆ. ಅದನ್ನು ಶುದ್ಧ ನೀರಿನ ಬಟ್ಟಲಿಂದ ಬಟ್ಟಲಿಗೆ ದಾಟಿಸಿ ತೊಳೆದು, ಕೊನೆಗೆ ಕೆಳಗಿನಿಂದ ವೇಫರ್ ತೂರಿಸಿ ಹಾಲಿನ ಕೆನೆ ಎತ್ತುವ ಹಾಗೆ ಎತ್ತಿಕೊಳ್ಳಬೇಕು. ಇಷ್ಟನ್ನು ನಾಲ್ಕು ಪದರಕ್ಕೆ ನಾಲ್ಕು ಸಲ ಮಾಡಬೇಕು. ಬರೆದದ್ದರಲ್ಲಿ ಇದು ಒಂದೆರಡು ಸಾಲು. ಎತ್ತುವಾಗ ವೇಫರನ್ನು ಎಷ್ಟು ಓರೆ ಹಿಡಿಯಬೇಕು, ನೀರು ಇಳಿಯಲು ಎಷ್ಟು ಹೊತ್ತು ನಿಲ್ಲಿಸಬೇಕು, ಇದು ಕಣ್ಣಾರೆ ನೋಡದೆ ಬರುವುದಿಲ್ಲ. ನನಗೆ ಐದು ತಿಂಗಳು ಬರೀ ಸುಕ್ಕು, ಬರೀ ಗುಳ್ಳೆ. ಆಮೇಲೆ ಬೇರೊಂದು ಲ್ಯಾಬಿನ ಹುಡುಗಿ ತನ್ನ ಫೋನಿನಲ್ಲಿ ತೆಗೆದ ಮೂರು ನಿಮಿಷದ ವಿಡಿಯೋ ಕಳಿಸಿದಳು. ವೇಫರನ್ನು ಆಕೆ ಬಹುತೇಕ ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಬಿಡುತ್ತಿದ್ದಳು, ನಾನು ಮಲಗಿಸಿ ಹೀಟರ್ ಮೇಲೆ ಇಡುತ್ತಿದ್ದೆ. ಅಷ್ಟೇ ವ್ಯತ್ಯಾಸ. ಮುಂದಿನ ವಾರವೇ ಸರಿ ಬಂತು.

ಇನ್ನೊಂದು ಸಲ ನಮ್ಮ ಪ್ಯಾರಿಲೀನ್ ಬೇಕಾದದ್ದಕ್ಕಿಂತ ದಪ್ಪ ಬಂದಿತ್ತು. ಹರಿಯುವುದಿಲ್ಲ, ಒಳ್ಳೆಯದೇ ಆಯಿತು ಅಂದುಕೊಂಡೆವು. ಮೆದುಳಿನ ಮೇಲೆ ಇಟ್ಟರೆ ಟಾರ್ಪಾಲ್ ಹಾಕಿದ ಹಾಗೆ ಎದ್ದು ನಿಂತಿತು. ಪ್ಯಾರಿಲೀನ್ ಏನೂ ಮೆತ್ತಗಿನ ವಸ್ತುವಲ್ಲ, ತೆಳ್ಳಗಿದ್ದಾಗ ಮಾತ್ರ ಮೆತ್ತಗೆ ನಡೆದುಕೊಳ್ಳುತ್ತದೆ. ದಪ್ಪ ಎರಡು ಪಟ್ಟಾದರೆ ಬಾಗಿಸಲು ಬೇಕಾದ ಬಲ ಎಂಟು ಪಟ್ಟು. ದಪ್ಪ ಪ್ಲಾಸ್ಟಿಕ್ಕಿನ ಸ್ಕೇಲ್ ಬಾಗುವುದಿಲ್ಲ, ತೆಳು ಕವರ್ ಕೈಗೇ ಅಂಟಿಕೊಳ್ಳುತ್ತದೆ ಅಲ್ವಾ, ಹಾಗೆ. ನೀವು ಬರೆದು ಕೊಡುವಾಗ ದಪ್ಪ ಯಾಕೆ ಅಷ್ಟೇ ಇರಬೇಕು ಅನ್ನುವ ಕಾರಣವನ್ನೂ ಬರೆಯಿರಿ. ಕಾರಣ ಗೊತ್ತಿಲ್ಲದವರು ಒಳ್ಳೆಯ ಉದ್ದೇಶದಿಂದಲೇ ಬದಲಾಯಿಸಿಬಿಡುತ್ತಾರೆ.

ನನ್ನ ಮಾತು ಇಷ್ಟೇ: ಬರೆದು ಕೊಡಿ, ವಿಡಿಯೋ ತೆಗೆದು ಕೊಡಿ, ಕೆಟ್ಟುಹೋದ ಹಾಳೆಗಳ ಫೋಟೋ ಕೂಡ ಹಾಕಿ. ಚೆನ್ನಾಗಿ ಬಂದದ್ದರ ಫೋಟೋ ಎಲ್ಲ ಪ್ರಬಂಧದಲ್ಲೂ ಇರುತ್ತದೆ.

---

ಕುಂದಾಪ್ರ_ಕಡಲು

ನಾನು ಆಚೆ ದಡದವನು, ಅಂದರೆ ಎಲೆಕ್ಟ್ರೋಡ್ ಮಾಡುವವನಲ್ಲ, ಬೇರೆಯವರಿಂದ ತರಿಸಿಕೊಂಡು ಬಳಸುವವನು. ಈಗ ಜರ್ಮನಿಯಲ್ಲಿದ್ದೇನೆ. ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಮಾರಾಯ್ರೆ, ಎಲ್ಲರ ಹತ್ತಿರವೂ ಕ್ಲೀನ್‌ರೂಮಿಗೆ ಹೋಗುವಷ್ಟು ಸಮಯ ಇರುವುದಿಲ್ಲ. ನಮಗೆ ಬೇಕಿರುವುದು ನೋವು ಮೆದುಳಿನಲ್ಲಿ ಹೇಗೆ ಹರಡುತ್ತದೆ ಅಂತ ನೋಡುವುದು. ಅದಕ್ಕೆ ಎರಡು ವರ್ಷ ಗ್ರಾಫೀನ್ ಎತ್ತುವುದನ್ನು ಕಲಿ ಅಂದರೆ ನಮ್ಮ ಪ್ರಶ್ನೆಯೇ ಮರೆತುಹೋಗುತ್ತದೆ. ಹಾಗಾಗಿ ಕೆಲವರಿಗಾದರೂ ಮಾಡಿದ್ದನ್ನೇ ಕಳಿಸಬೇಕಾಗುತ್ತದೆ.

ಆದರೆ ಸುಮ್ನೆ ಕವರಿನಲ್ಲಿ ಹಾಕಿ ಕಳಿಸಬೇಡಿ. ನಮಗೆ ಏನಾಯಿತು ಅಂತ ಕೇಳಿ. ಎಲ್ಲಿಂದ ಬಂತು ಅಂತ ಹೇಳುವುದಿಲ್ಲ, ಅವರು ಒಳ್ಳೆಯ ಜನ, ಪ್ರೀತಿಯಿಂದಲೇ ಆರು ಹಾಳೆ ಕಳಿಸಿದ್ದರು.

ಮೊದಲನೆಯದು ಕನೆಕ್ಟರ್. ಹಾಳೆಯ ಬಾಲ ಸಿಕ್ಕಿಸುವ ಸಣ್ಣ ಬೋರ್ಡ್ ಅವರ ಆಂಪ್ಲಿಫೈಯರಿಗೆ ಹೊಂದುವಂಥದ್ದು, ನಮ್ಮದಕ್ಕೆ ಅಲ್ಲ. ಹೊಸ ಬೋರ್ಡ್ ಮಾಡಿಸಿ ತರಿಸಲು ಆರು ವಾರ ಹೋಯಿತು. ಎರಡನೆಯದು, ಕ್ರಿಮಿ ಇರಬಾರದು ಅಂತ ನಮ್ಮ ಟೆಕ್ನಿಷಿಯನ್ ಎಲ್ಲ ಉಪಕರಣಗಳ ಜೊತೆ ಎರಡು ಹಾಳೆಗಳನ್ನೂ ಆಟೋಕ್ಲೇವ್‌ಗೆ ಹಾಕಿದರು. 121 ಡಿಗ್ರಿ ಹಬೆಯಲ್ಲಿ ಪದರಗಳು ಬಿಟ್ಟುಕೊಂಡು, ಹೊರಗೆ ತೆಗೆದಾಗ ಈರುಳ್ಳಿ ಸಿಪ್ಪೆಯ ಹಾಗಿತ್ತು. ಹಾಕಬಾರದು ಅಂತ ಎಲ್ಲೂ ಬರೆದಿರಲಿಲ್ಲ, ಆಕೆಯ ತಪ್ಪೇನಿಲ್ಲ.

ಮೂರನೆಯದು ಇವತ್ತಿಗೂ ನೆನಪಾದರೆ ಬೇಜಾರಾಗುತ್ತದೆ. ಉಳಿದ ನಾಲ್ಕರಲ್ಲಿ ಒಂದನ್ನು ಇಲಿಗೆ ಇಟ್ಟು, ಕೋಶಗಳನ್ನು ಎಬ್ಬಿಸಲು ಮೇಲಿನಿಂದ ನೀಲಿ ಬೆಳಕು ಬಿಟ್ಟೆವು. ಬೆಳಕು ಬಂದ ಕೂಡಲೇ ತೆರೆಯ ಮೇಲೆ ಒಂದು ಚಂದದ ಅಲೆ. ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ. ಕೋಶಗಳು ಉತ್ತರ ಕೊಡುತ್ತಿವೆ ಅಂತ ಎರಡು ತಿಂಗಳು ಡೇಟಾ ತೆಗೆದೆವು. ಒಂದು ದಿನ ಹೊಸದಾಗಿ ಸೇರಿದ ಮಾಸ್ಟರ್ಸ್ ವಿದ್ಯಾರ್ಥಿ ಹಾಳೆಯನ್ನು ಉಪ್ಪುನೀರಿನ ಬಟ್ಟಲಿನಲ್ಲಿ ಮುಳುಗಿಸಿ ಅದೇ ಬೆಳಕು ಬಿಟ್ಟ. ಅದೇ ಅಲೆ ಬಂತು. ಮೆದುಳೇ ಇಲ್ಲ, ಅಲೆ ಇದೆ.

ಲೋಹದ ಮೇಲೆ ಬೆಳಕು ಬಿದ್ದರೆ ಅದರಿಂದಲೇ ಒಂದು ವೋಲ್ಟೇಜ್ ಹುಟ್ಟುತ್ತದೆ. ಈ ತೊಂದರೆ ಕಡಿಮೆ ಅನ್ನುವುದು ಗ್ರಾಫೀನಿನ ದೊಡ್ಡ ಗುಣ. ಪೆನ್ಸಿಲ್ವೇನಿಯಾದವರು 2014ರಲ್ಲೇ ತಮ್ಮ ಹಾಳೆಯ ಮೂಲಕ ಚಿತ್ರ ತೆಗೆಯುತ್ತಾ ಬೆಳಕಿನ ಗಲೀಜಿಲ್ಲದೆ ದಾಖಲಿಸಿ ತೋರಿಸಿದ್ದರು. ಆದರೆ ನಮಗೆ ಬಂದ ಹಾಳೆಯಲ್ಲಿ ಗ್ರಾಫೀನ್ ಮುಗಿದು ವಿದ್ಯುತ್ತನ್ನು ಹೊರಗೆ ಒಯ್ಯುವ ಚಿನ್ನದ ಗೆರೆ ಶುರುವಾಗುವ ಜಾಗ ಕಿಟಕಿಗೆ, ಅಂದರೆ ಮೆದುಳು ಕಾಣುವ ಪಾರದರ್ಶಕ ಭಾಗಕ್ಕೆ, ತುಂಬ ಹತ್ತಿರ ಇತ್ತು, ನಮ್ಮ ಬೆಳಕಿನ ವೃತ್ತ ಅಲ್ಲಿಗೂ ತಾಗುತ್ತಿತ್ತು. ಮಾಡಿದವರ ಬೆಳಕು ಚಿಕ್ಕದು, ಅವರಿಗೆ ಅದು ಎಂದೂ ಕಂಡಿರಲಿಲ್ಲ.

ಹಾಗಾಗಿ ಪ್ರತಿ ಹಾಳೆಯ ಜೊತೆ ಒಂದು ಚೀಟಿ ಇರಲಿ. 1 ಕಿಲೋಹರ್ಟ್ಜ್‌ನಲ್ಲಿ ಪ್ರತಿ ಚಾನೆಲ್ಲಿನ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಎಷ್ಟು, ಉಪ್ಪುನೀರಿನಲ್ಲಿ ಬೆಳಕು ಇದ್ದಾಗ ಏನು ಬಂತು, ಇಲ್ಲದಿದ್ದಾಗ ಏನು ಬಂತು, ಯಾವ ಚಾನೆಲ್ ಸತ್ತಿದೆ, ಏನು ಮಾಡಬಾರದು. ನಾವು ಕಳೆದುಕೊಂಡ ಎರಡು ತಿಂಗಳಲ್ಲಿ ಆರು ಪ್ರಾಣಿಗಳೂ ಹೋದವು. ಅದು ಲೆಕ್ಕಕ್ಕೆ ಬರಬೇಕು.

---

ಅರ್ಜಿ_ನಮೂನೆ

ನಾನು ಒಂದು ಸಂಸ್ಥೆಯ ತಂತ್ರಜ್ಞಾನ ವರ್ಗಾವಣೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕಲ್ಪತರು ಅವರೇ, ಮೇಲಿನ ಇಬ್ಬರೂ ಹೇಳದ ಒಂದು ವಿಷಯ ಇದೆ. ನೀವು ಪೋಸ್ಟರ್ ಹಾಕಿ ಎರಡು ತಿಂಗಳಾಯಿತು ಅಂದಿರಿ. ಪೋಸ್ಟರ್ ಕೂಡ ಬಹಿರಂಗಪಡಿಸಿದ ಹಾಗೆಯೇ. ಅಮೆರಿಕದಲ್ಲಿ ಬಹಿರಂಗವಾದ ದಿನದಿಂದ ಒಂದು ವರ್ಷದೊಳಗೆ ಪೇಟೆಂಟ್ ಅರ್ಜಿ ಹಾಕಬಹುದು. ಯೂರೋಪಿನಲ್ಲಿ ಸಾಮಾನ್ಯವಾಗಿ ಆ ಅವಕಾಶ ಇಲ್ಲ, ಅರ್ಜಿ ಮೊದಲು, ಮಾತು ಆಮೇಲೆ. ನಿಮ್ಮ ಹಾಳೆಯಲ್ಲಿ ಹೊಸದೇನಾದರೂ ಇದ್ದರೆ, ವಿಡಿಯೋ ಹಾಕುವ ಮೊದಲು ನಿಮ್ಮ ಯೂನಿವರ್ಸಿಟಿಯ ಕಚೇರಿಗೆ ಇವತ್ತೇ ಒಂದು ಮೇಲ್ ಹಾಕಿ. ಆ ಪೋಸ್ಟರಿನಲ್ಲಿ ಇಲ್ಲದ ಸಂಗತಿಗಳನ್ನು ಈಗಲೂ ಉಳಿಸಿಕೊಳ್ಳಬಹುದು.

ಪೇಟೆಂಟ್ ಅಂದರೆ ಬಚ್ಚಿಡುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲಿ ಪದೇ ಪದೇ ಹೆಸರು ಬಂದ ವಿಸ್ಕಾನ್ಸಿನ್ ವಿವಿಗೆ ಪೇಟೆಂಟ್ ನೋಡಿಕೊಳ್ಳುವ ಒಂದು ಪ್ರತಿಷ್ಠಾನವೇ ಇದೆ, 1925ರಿಂದ. ಹ್ಯಾರಿ ಸ್ಟೀನ್‌ಬಾಕ್ ಅನ್ನುವ ಪ್ರೊಫೆಸರ್ ಆಹಾರದ ಮೇಲೆ ಅತಿನೇರಳೆ ಬೆಳಕು ಬಿಟ್ಟು ವಿಟಮಿನ್ ಡಿ ಹೆಚ್ಚಿಸುವ ವಿಧಾನ ಕಂಡುಹಿಡಿದಾಗ ಅದರ ಹಣ ಮತ್ತೆ ಸಂಶೋಧನೆಗೇ ಬರಲಿ ಅಂತ ಶುರುವಾದದ್ದು. ಈ ಗ್ರಾಫೀನ್ ಎಲೆಕ್ಟ್ರೋಡಿನ ಪೇಟೆಂಟ್ ಕೆಲಸವೂ ಆ ಪ್ರತಿಷ್ಠಾನದ ಮೂಲಕವೇ ನಡೆಯಿತು. ಪೇಟೆಂಟಿಗೂ ಹಾಕಿದರು, ಎರಡು ವರ್ಷದ ಮೇಲೆ ಇಡೀ ವಿಧಾನವನ್ನು ಬರೆದು ಹಂಚಿದರು ಕೂಡ.

ಕಳಿಸುವಾಗ ಮೆಟೀರಿಯಲ್ ಟ್ರಾನ್ಸ್‌ಫರ್ ಒಪ್ಪಂದ ಮಾಡಿಕೊಳ್ಳಿ. ಎರಡು ಪುಟ ಸಾಕು. ಸಂಶೋಧನೆಗೆ ಮಾತ್ರ, ಮನುಷ್ಯರ ಮೇಲೆ ಇಲ್ಲ, ಮೂರನೆಯವರಿಗೆ ದಾಟಿಸುವಂತಿಲ್ಲ, ಫಲಿತಾಂಶ ಕೆಟ್ಟದಾಗಿದ್ದರೂ ತಿಳಿಸಬೇಕು. ಕೊನೆಯದನ್ನು ಬಹಳ ಜನ ಸೇರಿಸುವುದಿಲ್ಲ, ನೀವು ಸೇರಿಸಿ. ಬೆಂಗಳೂರಿನವರ ಹತ್ತಿರ ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಕೈಯಲ್ಲಿ ಇದೆಯಾ ಅಂತಲೂ ಕೇಳಿ. ಅನುಮತಿ ಬರುವ ಮೊದಲೇ ಹಾಳೆ ಬಂದು ಕೂತರೆ ಡಬ್ಬಿಯಲ್ಲೇ ಹಳೆಯದಾಗುತ್ತದೆ.

---

ಕಲ್ಪತರು_ಹುಡುಗ

ಪೋಸ್ಟರ್ ವಿಷಯ ನನಗೆ ಹೊಳೆದೇ ಇರಲಿಲ್ಲ ಮೇಡಂ, ಈಗಲೇ ಮೇಲ್ ಹಾಕಿದೆ. ತುಂಬ ಥ್ಯಾಂಕ್ಸ್.

ಕುಂದಾಪ್ರ ಅವರೇ, ನಮ್ಮಲ್ಲೂ ಚಿನ್ನದ ಗೆರೆ ಕಿಟಕಿಯ ಅಂಚಿಗೇ ಇದೆ. ನಿಮ್ಮದನ್ನು ಓದಿ ಮಾಸ್ಕ್ ಫೈಲ್ (ಹಾಳೆಯ ಗೆರೆಗಳ ನಕ್ಷೆ) ತೆಗೆದು ಅಳೆದೆ, ಅರ್ಧ ಮಿಲಿಮೀಟರ್ ಕೂಡ ದೂರ ಇಲ್ಲ. ದೊಡ್ಡ ಬೆಳಕು ಬಳಸುವವರಿಗೆ ಇದು ಖಂಡಿತ ತೊಂದರೆ ಕೊಡುತ್ತದೆ. ಮುಂದಿನ ಬ್ಯಾಚಿಗೆ ಗ್ರಾಫೀನ್ ಗೆರೆಯನ್ನೇ ಇನ್ನೂ ಉದ್ದ ಎಳೆಯುತ್ತೇನೆ.

ಆದರೂ ಮೂಲ ಪ್ರಶ್ನೆ ಹಾಗೇ ಇದೆ. ಜೀವಶಾಸ್ತ್ರದವರು ಎಷ್ಟು ಸಲೀಸಾಗಿ ಹಂಚಿಕೊಳ್ಳುತ್ತಾರೆ! ಆ ಹೊಳೆಯುವ ಪ್ರೋಟೀನಿನ ಡಿಎನ್‌ಎ ಬೇಕಾದರೆ ಆಡ್‌ಜೀನ್ ಅನ್ನುವ ಸಂಸ್ಥೆಗೆ ಬರೆದರೆ ಸಾಕು, ಮನೆ ಬಾಗಿಲಿಗೆ ಬರುತ್ತದೆ. ನಮ್ಮ ಕಡೆ ಯಾಕೆ ಹಾಗಿಲ್ಲ?

---

ಕ್ಲೀನ್‌ರೂಮ್_ಅಕ್ಕ

ಯಾಕೆ ಅಂದರೆ ಡಿಎನ್‌ಎ ಹೆಪ್ಪು ಇದ್ದ ಹಾಗೆ. ಪಕ್ಕದ ಮನೆಯವರಿಗೆ ಒಂದು ಚಮಚ ಮೊಸರು ಕೊಟ್ಟರೆ ಅವರು ರಾತ್ರಿ ಹೆಪ್ಪು ಹಾಕಿಕೊಂಡು ಬೆಳಗ್ಗೆ ಪಾತ್ರೆ ತುಂಬ ಮೊಸರು ಮಾಡಿಕೊಳ್ಳುತ್ತಾರೆ, ಆಮೇಲೆ ನಿಮ್ಮ ಹತ್ತಿರ ಕೇಳಲು ಬರುವುದೇ ಇಲ್ಲ. ಬ್ಯಾಕ್ಟೀರಿಯಾದೊಳಗೆ ಹಾಕಿದರೆ ಪ್ಲಾಸ್ಮಿಡ್ (ಆ ಡಿಎನ್‌ಎಯ ಉಂಗುರ) ತಾನೇ ಬೆಳೆಯುತ್ತದೆ. ಆಡ್‌ಜೀನ್ 2004ರಿಂದ ಅದನ್ನೇ ಮಾಡುತ್ತಿದೆ. ಎಲೆಕ್ಟ್ರೋಡ್ ಹೋಳಿಗೆ ಇದ್ದ ಹಾಗೆ. ಕೊಟ್ಟದ್ದು ತಿಂದು ಮುಗಿಯಿತು, ಮತ್ತೆ ನೀವೇ ಕಣಕ ಕಲಸಬೇಕು. ಹೇಗೆ ಮಾಡುವುದು ಅಂತ ಬರೆದು ಕೊಟ್ಟರೂ ಮೊದಲ ನಾಲ್ಕು ಹೋಳಿಗೆ ಕಾವಲಿಗೇ ಅಂಟುತ್ತದೆ.

ಆದರೆ ನಿಮ್ಮ ಕೆಲಸದಲ್ಲೂ ಹೆಪ್ಪಿನಂಥ ಭಾಗಗಳಿವೆ, ಅವನ್ನು ಹುಡುಕಿ. ಮಾಸ್ಕ್ ಫೈಲ್ ಒಂದು. ಕನೆಕ್ಟರ್ ಬೋರ್ಡಿನ ವಿನ್ಯಾಸ ಒಂದು, ಅದನ್ನು ಯಾರು ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಬಹುದು. ಇಂಪೀಡೆನ್ಸ್ ಪರೀಕ್ಷೆಯ ಕೋಡ್ ಒಂದು. ಇವನ್ನು ಒಂದು ಸಲ ಕೊಟ್ಟರೆ ಹತ್ತು ಲ್ಯಾಬಿಗೆ ಸಾಕು. ಓಪನ್ ಇಫಿಸ್‌ನವರು ರೆಕಾರ್ಡಿಂಗ್ ಉಪಕರಣದ ವಿಷಯದಲ್ಲಿ ಇದೇ ದಾರಿ ಹಿಡಿದರು, ಬೋರ್ಡಿನ ವಿನ್ಯಾಸ, ಸಾಫ್ಟ್‌ವೇರ್ ಎಲ್ಲ ತೆರೆದಿಟ್ಟರು. ಇವತ್ತು ಎಷ್ಟೋ ಬಡ ಲ್ಯಾಬ್‌ಗಳು ಅದರಿಂದಲೇ ನಡೆಯುತ್ತಿವೆ. ನಿಮ್ಮ ಬೋರ್ಡ್ ಅದಕ್ಕೆ ನೇರವಾಗಿ ಸಿಕ್ಕಿಕೊಳ್ಳುವ ಹಾಗೆ ಮಾಡಿದರೆ ಕುಂದಾಪ್ರದವರ ಆರು ವಾರ ಇನ್ಯಾರಿಗೂ ಹೋಗುವುದಿಲ್ಲ.

ನ್ಯೂರೋಪಿಕ್ಸೆಲ್ಸ್ ತರಹ ಮಾಡಿ ಅಂತ ಯಾರಾದರೂ ಹೇಳಬಹುದು. ಅದು ಬೇರೆ ಕಥೆ. 960 ಬಿಂದುಗಳಿರುವ ಆ ಸೂಜಿ ಸಿಲಿಕಾನಿನದ್ದು, ಬೆಲ್ಜಿಯಂನ ಐಮೆಕ್‌ನಲ್ಲಿ ಚಿಪ್ ಮಾಡುವ ಯಂತ್ರಗಳಲ್ಲೇ ತಯಾರಾಗುತ್ತದೆ. ಹಾಗಾಗಿ 2017ರಲ್ಲಿ ಪ್ರಬಂಧ ಬಂದ ಮೇಲೆ ಜಗತ್ತಿನ ಲ್ಯಾಬ್‌ಗಳಿಗೆಲ್ಲ ತಲುಪಲು ಸಾಧ್ಯವಾಯಿತು. ಮಿಷಿಗನ್ ವಿವಿಯವರೂ ಅದಕ್ಕೂ ಮೊದಲೇ ತಮ್ಮ ಸಿಲಿಕಾನ್ ಎಲೆಕ್ಟ್ರೋಡ್‌ಗಳನ್ನು ವರ್ಷಗಟ್ಟಲೆ ಬೇರೆ ಲ್ಯಾಬ್‌ಗಳಿಗೆ ಕೊಟ್ಟು, ಆಮೇಲೆ ಅದಕ್ಕೆ ಅಂತಲೇ ಕಂಪನಿ ಹುಟ್ಟಿತು. ನೀರಿನ ಮೇಲಿಂದ ಕೈಯಲ್ಲಿ ಎತ್ತುವ ಪೊರೆಗೆ ಆ ಯಂತ್ರಗಳು ಇನ್ನೂ ಒಗ್ಗಿಲ್ಲ. ಅಲ್ಲಿಯವರೆಗೆ ಕೈಯಿಂದ ಕೈಗೆ ದಾಟಿಸಬೇಕು.

---

ವಾರ್ಡ್_ನಂಬರ್_ಏಳು

ನಾನು ವೈದ್ಯ, ಮೂರ್ಛೆ ರೋಗದ ಶಸ್ತ್ರಚಿಕಿತ್ಸೆಯ ತಂಡದಲ್ಲಿದ್ದೇನೆ. ಎರಡು ಮಾತು ಹೇಳಿ ಹೋಗುತ್ತೇನೆ.

ಮಾತ್ರೆಗೆ ಬಗ್ಗದ ಮೂರ್ಛೆ ಇದ್ದವರಲ್ಲಿ, ಮೂರ್ಛೆ ಎಲ್ಲಿಂದ ಹುಟ್ಟುತ್ತದೆ ಅಂತ ಹುಡುಕಲು ಕೆಲವರಿಗೆ ಮೆದುಳಿನ ಮೇಲೆ ಎಲೆಕ್ಟ್ರೋಡ್ ಹಾಳೆ ಇಡುತ್ತೇವೆ. ಸಿಲಿಕೋನ್ ಹಾಳೆ, ಅದರಲ್ಲಿ 4 ಮಿಲಿಮೀಟರ್ ಅಗಲದ ಪ್ಲಾಟಿನಂ ಬಿಲ್ಲೆಗಳು, ಸಾಮಾನ್ಯವಾಗಿ ಒಂದರಿಂದ ಒಂದಕ್ಕೆ 1 ಸೆಂಟಿಮೀಟರ್. ಎರಡು ಬಿಲ್ಲೆಗಳ ನಡುವೆ ಎಷ್ಟು ಲಕ್ಷ ಕೋಶಗಳಿವೆ ಯೋಚಿಸಿ. ಅಲ್ಲಿ ನಡೆಯುವುದು ನಮಗೆ ಕಾಣುವುದಿಲ್ಲ. ಮೂರ್ಛೆ ಶುರುವಾಗುವ ಕ್ಷಣದಲ್ಲಿ ಯಾವ ಕೋಶ ಮೊದಲು ಎದ್ದಿತು ಅಂತ ತಿಳಿಯಬೇಕಾದರೆ ಕಣ್ಣಿಂದಲೂ ನೋಡಬೇಕು, ವಿದ್ಯುತ್ತನ್ನೂ ಅಳೆಯಬೇಕು. ಅದು ಮೊದಲು ಇಲಿಯಲ್ಲೇ ಆಗಬೇಕು, ಅದಕ್ಕೆ ನಿಮ್ಮ ಹಾಳೆಯೇ ಬೇಕು. ಕುಜುಮ್ ಅವರ ತಂಡ, ಈಗ ಸ್ಯಾನ್ ಡಿಯಾಗೋದಲ್ಲಿ, 2024ರಲ್ಲಿ ಪಾರದರ್ಶಕ ಹಾಳೆಯ ಮೂಲಕ ಎರಡನ್ನೂ ಒಟ್ಟಿಗೆ ದಾಖಲಿಸಿ, ಕಂಪ್ಯೂಟರಿಗೆ ಕಲಿಸಿ, ಆಮೇಲೆ ಮೇಲ್ಮೈಯ ವಿದ್ಯುತ್ತಿನಿಂದಲೇ ಆಳದ ಕೋಶಗಳ ಚಟುವಟಿಕೆಯನ್ನು ಅಂದಾಜು ಮಾಡಿ ತೋರಿಸಿತು. ಅದನ್ನು ಓದಿದ ದಿನ ನಮ್ಮ ವಾರ್ಡಿನಲ್ಲಿದ್ದ ಒಂದು ಹುಡುಗಿಯ ಮುಖವೇ ಕಣ್ಣ ಮುಂದೆ ಬಂತು. ಎರಡು ವಾರ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದ್ದಳು, ಕೊನೆಗೂ ಜಾಗ ಸಿಗಲಿಲ್ಲ, ಹಾಗೇ ಮನೆಗೆ ಕಳಿಸಿದೆವು.

ಹಾಗಂತ ನಿಮ್ಮ ಲ್ಯಾಬಿನ ಹಾಳೆಯನ್ನು ಯಾರೂ ಮನುಷ್ಯರ ಮೇಲೆ ಇಡಕೂಡದು. ಮೇಡಂ ಹೇಳಿದ ಆ ಸಾಲು ಒಪ್ಪಂದದಲ್ಲಿ ಇರಲೇಬೇಕು. ಗ್ರಾಫೀನ್ ಎಲೆಕ್ಟ್ರೋಡನ್ನು ಮೊದಲ ಸಲ ರೋಗಿಯೊಬ್ಬರ ಮೆದುಳಿನ ಮೇಲೆ ಇಟ್ಟದ್ದು 2024ರಲ್ಲಿ, ಮ್ಯಾಂಚೆಸ್ಟರಿನಲ್ಲಿ, ಗಡ್ಡೆ ತೆಗೆಯುವ ಆಪರೇಷನ್ ನಡೆಯುವಾಗ. ಅದರ ಹಿಂದೆ ಎಷ್ಟೋ ವರ್ಷಗಳ ಸುರಕ್ಷತಾ ಪರೀಕ್ಷೆ ಇದೆ.

ಬೆಂಗಳೂರಿನವರಿಗೆ ಕೊಡಿ. ಇಷ್ಟೇ ನನ್ನ ಕೋರಿಕೆ.

---

ಕಲ್ಪತರು_ಹುಡುಗ

ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. ಡಾಕ್ಟರ್ ಬರೆದದ್ದನ್ನು ನಮ್ಮ ಪ್ರೊಫೆಸರಿಗೂ ಇಂಗ್ಲಿಷಿನಲ್ಲಿ ಹೇಳಿದೆ.

ಹೀಗೆ ಮಾಡೋಣ ಅಂತ ಇದ್ದೇನೆ. ಯೂರೋಪಿನವರಿಗೆ ಕ್ಲೀನ್‌ರೂಮ್ ಇಲ್ಲ, ಅವರದ್ದು ಒಂದೇ ಪ್ರಯೋಗ, ಹಾಗಾಗಿ ಮುಂದಿನ ಬ್ಯಾಚಿನಿಂದ ಮೂರು ಹಾಳೆ, ಪ್ರತಿಯೊಂದರ ಜೊತೆ ಉಪ್ಪುನೀರಿನ ಚೀಟಿ. ಆಟೋಕ್ಲೇವ್ ಬೇಡ ಅನ್ನುವುದನ್ನು ಡಬ್ಬಿಯ ಮುಚ್ಚಳದ ಮೇಲೇ ಕೆಂಪಕ್ಷರದಲ್ಲಿ ಬರೆಯುತ್ತೇನೆ. ಪಕ್ಕದ ರಾಜ್ಯದವರ ಹತ್ತಿರ ನಮಗಿಂತ ಒಳ್ಳೆಯ ಕ್ಲೀನ್‌ರೂಮ್ ಇದೆ, ಅವರ ವಿದ್ಯಾರ್ಥಿ ಎರಡು ವಾರ ಇಲ್ಲಿಗೆ ಬಂದು ನನ್ನ ಪಕ್ಕದಲ್ಲೇ ನಿಂತು ಒಂದು ಬ್ಯಾಚ್ ಮಾಡಲಿ. ನಿನ್ನೆ ಫೋನಿನಲ್ಲಿ ಕೇಳಿದೆ, ಒಪ್ಪಿದರು. ಪೇಟೆಂಟ್ ಕಚೇರಿಯಿಂದ ಉತ್ತರ ಬಂದ ಮೇಲೆ ಮಾಸ್ಕ್ ಫೈಲ್, ಬೋರ್ಡ್, ಕೋಡ್, ವಿಡಿಯೋ, ಕೆಟ್ಟ ಹಾಳೆಗಳ ಫೋಟೋ ಎಲ್ಲವನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಡುತ್ತೇನೆ. ಕೆಟ್ಟ ಹಾಳೆಗಳಂತೂ ಎರಡು ಡಬ್ಬಿ ತುಂಬ ಇವೆ, ಎಸೆದಿರಲಿಲ್ಲ.

ಬೆಂಗಳೂರಿನವರಿಗೆ ಎರಡು ಹಾಳೆ ಕೊಡುತ್ತೇನೆ, ಜೊತೆಗೆ ನಾನೂ ಬರುತ್ತೇನೆ. ಡಿಸೆಂಬರ್‌ನಲ್ಲಿ ಹೇಗೂ ಊರಿಗೆ ಬರುವವನಿದ್ದೇನೆ, ತುಮಕೂರಿನಿಂದ ಬೆಂಗಳೂರಿಗೆ ಎಷ್ಟು ದೂರ. ಒಂದು ವಾರ ಅವರ ಜೊತೆ ಕ್ಲೀನ್‌ರೂಮಿನಲ್ಲಿ ಇದ್ದು ಗ್ರಾಫೀನ್ ಎತ್ತುವುದನ್ನು ತೋರಿಸಬಹುದು. ಅವರಿಗೆ ನೈತಿಕ ಸಮಿತಿಯ ಅನುಮತಿ ಹೋದ ತಿಂಗಳೇ ಸಿಕ್ಕಿದೆಯಂತೆ.

ಅಕ್ಕಾ, ಒಂದು ಸಣ್ಣ ಪ್ರಶ್ನೆ. ನೀವು ಅಲ್ಲಿ ಬಳಸಿದ ತಾಮ್ರದ ಹಾಳೆ ಎಷ್ಟು ದಪ್ಪದ್ದು? ನಮ್ಮದು 25 ಮೈಕ್ರೋಮೀಟರ್. ಕರಗುವ ಹೊತ್ತು ಬೇರೆಯಾದರೆ ನನ್ನ ಲೆಕ್ಕವೆಲ್ಲ ಬದಲಾಗುತ್ತದೆ.

---

ಕ್ಲೀನ್‌ರೂಮ್_ಅಕ್ಕ

ನಮ್ಮದೂ 25. ಆದರೆ ಹಾಳೆಯ ಹಿಂಭಾಗದಲ್ಲೂ ಗ್ರಾಫೀನ್ ಬೆಳೆದಿರುತ್ತದೆ, ಕರಗಿಸುವ ಮೊದಲು ಅದನ್ನು ಆಕ್ಸಿಜನ್ ಪ್ಲಾಸ್ಮಾದಲ್ಲಿ ತೆಗೆಯಲೇಬೇಕು, ಇಲ್ಲದಿದ್ದರೆ ಚೂರುಗಳು ಕೆಳಗೆ ಅಂಟಿಕೊಂಡು ಬರುತ್ತವೆ. ಡಿಸೆಂಬರ್‌ನಲ್ಲಿ ಪ್ಲಾಸ್ಮಾ ಯಂತ್ರದ ಸ್ಲಾಟ್ ಬೇಗ ತುಂಬುತ್ತದೆ. ತಾರೀಖು ಈಗಲೇ ಅವರಿಗೆ ಹೇಳಿ, ಬುಕ್ ಮಾಡಿಕೊಳ್ಳಲಿ. ಆ ವಾರ ನನಗೂ ರಜೆ ಸಿಕ್ಕರೆ ನಾನೂ ಬರುತ್ತೇನೆ, ನೀರಿನ ಬಟ್ಟಲು ಹಿಡಿದುಕೊಳ್ಳಲು ಇನ್ನೊಂದು ಜೊತೆ ಕೈ ಬೇಕಾಗುತ್ತದೆ.